ಉಪ್ಪಿಲ್ಲದ ಊಟ ಒಂದು

ಜುಲೈ 2, ಮಂಗಳವಾರ

ಸಮಿತಿಯ ಅಧ್ಯಕ್ಷರು ಇವತ್ತು ಬಾಗಿಲು ಹಾಕಿಸಿ, "ಅಮ್ಮಾ, ಈ ವಿಷಯ ನಿಮ್ಮ ಹೊಟ್ಟೇಲೇ ಇರ್ಲಿ" ಎಂದರು. ಶಾಸನಸಭೆಯ ಕಚೇರಿಯಲ್ಲಿ ಇಷ್ಟು ವರ್ಷ ಕೂತು ನನ್ನ ಹೊಟ್ಟೆಗೆ ಸೇರಿರುವ ವಿಷಯಗಳಿಗೇ ಲೆಕ್ಕವಿಲ್ಲ, ಇನ್ನೊಂದಕ್ಕೆ ಜಾಗ ಎಲ್ಲಿ? ಅದಕ್ಕೇ ವಿಮೆ ಕಂಪನಿಯವರು ಕೊಟ್ಟ ಈ ಡೈರಿ ಹುಡುಕಿ ತೆಗೆದೆ. ಜನವರಿಯಿಂದ ಜೂನ್‌ವರೆಗೆ ಹಾಳೆಗಳೆಲ್ಲ ಖಾಲಿ. ಬರೆಯುವಂಥದ್ದು ಇರಲಿಲ್ಲವೆಂದಲ್ಲ, ಯಾರಾದರೂ ಓದಿಯಾರೆಂಬ ಭಯ. ಈಗಲೂ ಇದನ್ನು ಬೀರುವಿನಲ್ಲಿ ಬಟ್ಟೆಗಳ ಅಡಿ ಇಡುತ್ತೇನೆ.

ವಿದ್ಯುತ್ ಮಂಡಳಿಯ ಮೇಲೆ ಕಣ್ಣಿಡಲು ಸದನ ಒಂದು ಸಮಿತಿ ಮಾಡಿದೆ. ನಾನು ಅದರ ಕಾರ್ಯದರ್ಶಿ. ಇವತ್ತು ಹೆರಿಗೆ ಮನೆಯ ನರ್ಸ್ ಒಬ್ಬರು ಸಾಕ್ಷಿ ಹೇಳಲು ಬಂದಿದ್ದರು. ಅವರ ಪ್ರೆಸ್ ಗಲ್ಲಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಎರಡು ತಿಂಗಳಾಗಿದೆ, ಬದಲಿ ಬಂದಿಲ್ಲ. "ಟಾರ್ಚ್ ಹಿಡ್ಕೊಂಡು ಹೊಕ್ಕುಳಬಳ್ಳಿ ಕತ್ತರಿಸ್ತಿದೀವಿ ಸ್ವಾಮಿ. ಸೆಲ್ ಮುಗಿದ್ರೆ ಕೈಯಂದಾಜು" ಎಂದರು.

ಆಮೇಲೆ ಮಂಡಳಿಯ ನಿರ್ದೇಶಕರ ಸರದಿ. ನಯವಾದ ಮನುಷ್ಯ, ನಗು ಇಸ್ತ್ರಿ ಮಾಡಿಸಿಕೊಂಡು ಬಂದಂತಿದೆ. ನಿಯಮದ ಪ್ರಕಾರ ಪ್ರತಿ ಊರಿನ ಕಚೇರಿಯಲ್ಲೂ ಒಂದು ಒಳ್ಳೆ ಟ್ರಾನ್ಸ್‌ಫಾರ್ಮರ್ ಹೆಚ್ಚುವರಿಯಾಗಿ ಸಿದ್ಧವಿರಬೇಕು. "ಎಲ್ಲಾ ಕಡೆ ಇದೆ ಸರ್. ಪ್ರೆಸ್ ಗಲ್ಲಿ ವಿಷಯ ಪರಿಶೀಲಿಸ್ತೀವಿ, ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ" ಎಂದರು. ನಮ್ಮ ಶೀಘ್ರಲಿಪಿಗಾರ್ತಿ ಈ ಇಡೀ ಮಾತಿಗೆ ಒಂದೇ ಒಂದು ಗೀರು ಮಾಡಿಕೊಂಡಿದ್ದಾಳೆ. ಮಂಡಳಿಯವರು ಅದನ್ನು ಅಷ್ಟು ಸಲ ಹೇಳಿದ್ದಾರೆ. ಕಚೇರಿಯಲ್ಲಿ ಅವಳನ್ನು ಗೀರಮ್ಮ ಎಂದೇ ಕರೆಯುವುದು.

ಹೇಳದೆ ಕೇಳದೆ ಹೋಗಿ ನೋಡುವುದೆಂದು ಅಧ್ಯಕ್ಷರು ನಿಶ್ಚಯಿಸಿದರು. ಯಾವ ಊರೆಂದು ಗೊತ್ತಿರುವುದು ಮೂವರಿಗೆ: ಅವರಿಗೆ, ನನಗೆ, ಆದೇಶ ಟೈಪ್ ಮಾಡುವ ಗೀರಮ್ಮನಿಗೆ. ಡ್ರೈವರಿಗೂ ಕಾರು ಹತ್ತಿದ ಮೇಲೆಯೇ ಹೇಳುವುದು.

ಜುಲೈ 5, ಶುಕ್ರವಾರ

ನದಿ ದಂಡೆಯ ಊರಿಗೆ ಹೋಗಿ ಬಂದೆವು. ಮಂಡಳಿಯ ಕಚೇರಿಯ ಅಂಗಳ ತೊಳೆದು ಇನ್ನೂ ಒಣಗಿರಲಿಲ್ಲ. ಇಂಜಿನಿಯರು ಟೈ ಕಟ್ಟಿಕೊಂಡು ಗೇಟಿನಲ್ಲೇ ನಿಂತಿದ್ದ. ಕಟ್ಟೆಯ ಮೇಲೆ ಬೂದು ಬಣ್ಣ ಬಳಿದ ಟ್ರಾನ್ಸ್‌ಫಾರ್ಮರ್, ಮದುಮಗನ ಹಾಗೆ. ಅಧ್ಯಕ್ಷರು ಬೆನ್ನು ತಟ್ಟುವಂತೆ ಅದನ್ನು ತಟ್ಟಿದರು, ಅಂಗೈಗೆ ಬಣ್ಣ ಮೆತ್ತಿಕೊಂಡಿತು. ನಾನು ಸುತ್ತು ಹಾಕಿ ನೋಡಿದೆ. ಶಾಖ ಹೋಗಲೆಂದು ಪಕ್ಕದಲ್ಲಿ ತಗಡಿನ ರೆಕ್ಕೆಗಳಿರುತ್ತವಲ್ಲ, ಅದರಲ್ಲೊಂದು ಪುಸ್ತಕದ ಹಾಳೆಯ ಕಿವಿ ಮಡಿಸಿದ ಹಾಗೆ ಬಾಗಿತ್ತು. ಬಣ್ಣ ಬಳಿಯುವ ಮುತುವರ್ಜಿಯಲ್ಲಿ ಅದನ್ನು ನೆಟ್ಟಗೆ ಮಾಡಲು ಆಗಲಿಲ್ಲವೇ?

"ನಾವು ಬರೋದು ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ. "ಗೊತ್ತಿರ್ಲಿಲ್ಲ ಮೇಡಂ, ನಾವು ದಿನಾ ಹೀಗೇ ಇರ್ತೀವಿ" ಎಂದ. ಸುಳ್ಳು ಹೇಳುವಾಗ ಟೈ ಮುಟ್ಟಿಕೊಂಡ. ನನ್ನ ಕಣ್ಣು ತಪ್ಪಿಸುವುದು ಅಷ್ಟು ಸುಲಭವಲ್ಲ.

ಸರಿಯಾಗಿ ನಡೆದದ್ದೆಂದರೆ ನನ್ನ ಏರ್ಪಾಡು ಮಾತ್ರ. ಅಧ್ಯಕ್ಷರಿಗೆ ಮೂತ್ರಪಿಂಡದ ತೊಂದರೆ. ಉಪ್ಪು ನಾಲಿಗೆಗೆ ತಾಕಿದರೂ ಕಾಲು ಊದುತ್ತದೆ. ಈ ವಿಷಯ ಅವರ ಹೆಂಡತಿಗೆ ಮತ್ತು ನನಗೆ ಬಿಟ್ಟು ಯಾರಿಗೂ ತಿಳಿಯದು. ಅವರದೇ ಪಕ್ಷದಲ್ಲಿ ಆ ಕುರ್ಚಿಗೆ ಬಾಯಿ ಬಿಟ್ಟುಕೊಂಡು ಕೂತವರಿದ್ದಾರೆ, ಗೊತ್ತಾದರೆ ವಿಶ್ರಾಂತಿ ತಗೊಳ್ಳಿ ಎಂದು ಮನೆಗೆ ಕಳಿಸಿಬಿಡುತ್ತಾರೆ. ಹಾಗಾಗಿ ನಾನೇ ಹಿಂದಿನ ದಿನ ಸರ್ಕಾರಿ ಅತಿಥಿಗೃಹದ ಅಡುಗೆಯವನಿಗೆ ಫೋನ್ ಮಾಡಿ, "ನಾಳೆ ಮಧ್ಯಾಹ್ನ ಐದು ಊಟ, ಅದರಲ್ಲಿ ಉಪ್ಪಿಲ್ಲದ ಊಟ ಒಂದು" ಎಂದು ಹೇಳಿಡುತ್ತೇನೆ. ಯಾರು, ಎಲ್ಲಿಂದ, ಯಾಕೆ, ಒಂದೂ ಹೇಳುವುದಿಲ್ಲ. ನಾನೇನು ದಡ್ಡಿಯೇ?

ಜುಲೈ 7, ಭಾನುವಾರ

ಮೈದುನ ಊಟಕ್ಕೆ ಬಂದಿದ್ದ. ಭಾನುವಾರವೆಂದರೆ ಅವನು ಬರಲೇಬೇಕು, ಅಣ್ಣತಮ್ಮಂದಿರು ಸೇರಿ ನಕ್ಕು ಮನೆಯ ಚಾವಣಿ ಹಾರಿಸಲೇಬೇಕು. ನನ್ನ ಯಜಮಾನರು ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಕೂಗಿ ನಿವೃತ್ತರಾದವರು. ಇವತ್ತಿಗೂ ತಟ್ಟೆ ಹಾಕಿದರೆ, "ಪ್ರಯಾಣಿಕರ ಗಮನಕ್ಕೆ, ಊಟದ ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ" ಎನ್ನದೆ ಕೂರುವುದಿಲ್ಲ.

ಮೈದುನ ಮಂಡಳಿಯ ಉಗ್ರಾಣದಲ್ಲಿ ಮೇಲ್ವಿಚಾರಕ. ಬಡಿಸುವಾಗ, "ಏನತ್ತಿಗೆ, ಟೂರ್ ಜೋರಾ? ನದಿ ಹತ್ರ ಹೋಗಿದ್ರಂತೆ. ಏನಾದ್ರೂ ಕಣ್ಣಿಗೆ ಬಿತ್ತಾ?" ಎಂದ. ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನೀನ್ಯಾಕೆ ಕೇಳ್ತೀಯ?" ಎಂದೆ. "ಸುಮ್ನೆ" ಎಂದು ತಟ್ಟೆ ನೋಡಿದ. ಸುಮ್ಮನೆ ಕೇಳುವವರು ತಟ್ಟೆ ನೋಡುವುದಿಲ್ಲ.

ಅವನು ಹೋದ ಮೇಲೆ ನನ್ನ ಕೈಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಜುಲೈ 12, ಶುಕ್ರವಾರ

ಕಲ್ಲುಕೋರೆಯ ಊರು. ಮತ್ತೆ ತೊಳೆದ ಅಂಗಳ. ಮತ್ತೆ ಬೂದು ಬಣ್ಣದ ಮದುಮಗ. ನಾನು ಸೀದಾ ಬದಿಗೆ ಹೋಗಿ ನೋಡಿದೆ. ಕಿವಿ ಮಡಿಸಿದ ಅದೇ ರೆಕ್ಕೆ.

ಇಡೀ ರಾಜ್ಯಕ್ಕೆ ಇವರ ಹತ್ತಿರ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್ ಇರಬೇಕು. ಸಮಿತಿಗಿಂತ ಮೊದಲು ಅದು ಲಾರಿ ಹತ್ತುತ್ತದೆ, ನಾವು ಬಂದಾಗ ಕಟ್ಟೆಯ ಮೇಲೆ ನಿಂತಿರುತ್ತದೆ. ನಮಗಿಂತ ಹೆಚ್ಚು ಪ್ರವಾಸ ಮಾಡಿದೆ, ಅದಕ್ಕೇ ಭತ್ಯೆ ಕೊಡಬೇಕು.

ಕಾರಿನ ಹತ್ತಿರ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಕಟ್ಟೆಯ ಕಡೆ ಇನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ, "ರೆಕ್ಕೆ ಬಾಗಿದೆ ಅಂತ ವರದಿ ಬರೆದ್ರೆ ನಗ್ತಾರೆ ಅಮ್ಮಾ. ಎಲ್ಲಾದ್ರೂ ಒಂದು ಕಡೆ ಖಾಲಿ ಕಟ್ಟೆ ಕಣ್ಣಾರೆ ನೋಡ್ಬೇಕು. ಅದಕ್ಕೆ ಮೊದ್ಲು ಹೇಳಿಕೊಡ್ತಿರೋರು ಯಾರು ಅಂತ ಗೊತ್ತಾಗ್ಬೇಕು. ನಾನಲ್ಲ. ನೀವಲ್ಲ" ಎಂದರು.

ಇಬ್ಬರೂ ಗೀರಮ್ಮನ ಕಡೆ ನೋಡಿದೆವು. ಅವಳು ಮರದ ನೆರಳಲ್ಲಿ ಪೆನ್ಸಿಲ್ ಹೆರೆಯುತ್ತಿದ್ದಳು.

ಜುಲೈ 14, ಭಾನುವಾರ

ಮೈದುನನಿಗೆ ತಲೆನೋವೆಂದು ಹೇಳಿಸಿದೆ. "ಯಾರಿಗೆ ತಲೆನೋವು?" ಎಂದು ಇವರು ಕೇಳಿದರು. "ನನಗೆ" ಎಂದೆ. "ಮತ್ತೆ ಬೀರೂಗ್ಯಾಕೆ ಬೀಗ? ತಲೆನೋವು ಅದರೊಳಗಿದೆಯಾ?" ನಾನು ನಗಲಿಲ್ಲ. ಗಂಡನಿಗೆ ಎಲ್ಲವೂ ಹಾಸ್ಯ. ಒಡಹುಟ್ಟಿದವನು ಮಂಡಳಿಯ ಅನ್ನ ತಿನ್ನುವವನು ಎಂಬುದು ಇವರ ತಲೆಗೆ ಹೋಗುವುದೇ ಇಲ್ಲ.

ಜುಲೈ 16, ಮಂಗಳವಾರ

ಸಿಕ್ಕಿಬಿದ್ದಳು.

ಸಂಜೆ ಚಹಾದ ಹೊತ್ತಿಗೆ ಗೀರಮ್ಮ ದಿನಾ ಹಿಂದಿನ ಮೆಟ್ಟಿಲ ಕಡೆ ಹೋಗುತ್ತಾಳೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಮಹಡಿ ಮೇಲೆ ನಿಂತೆ. ಐವತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ. ಆದರೂ ಬಂದದ್ದು ಸಾರ್ಥಕವಾಯಿತು. ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: "ಶುಕ್ರವಾರ ಬರ್ಬೇಡಿ. ನಾವು ಹೊರಗೆ ಹೋಗ್ತಿದೀವಿ... ಯಾವೂರು ಅಂತ ಆಮೇಲೆ ಹೇಳ್ತೀನಿ. ಯಾರಿಗೂ ಗೊತ್ತಾಗೋದು ಬೇಡ, ಆಯ್ತಾ?"

ಇನ್ನೇನು ಬೇಕು? ಮೂರು ವರ್ಷದಿಂದ ನನ್ನ ಎದುರು ಮೇಜಿನಲ್ಲಿ ಕೂತವಳು. ನನಗೆ ಜ್ವರ ಬಂದಾಗ ಔಷಧಿ ತಂದುಕೊಟ್ಟವಳು. ಅದೂ ಈಗ ಬೇರೆಯೇ ಆಗಿ ಕಾಣುತ್ತಿದೆ. ಯಾಕೆ ತಂದಳು?

ಜುಲೈ 17, ಬುಧವಾರ

ಅಧ್ಯಕ್ಷರಿಗೆ ಹೇಳಿಬಿಟ್ಟೆ.

ಜುಲೈ 18, ಗುರುವಾರ

ಗೀರಮ್ಮನ ಅಮಾನತು. ಅಧ್ಯಕ್ಷರು ಅವಳನ್ನು ಕರೆಸಿ, "ಪ್ರವಾಸದ ದಿನದ ಬಗ್ಗೆ ಫೋನಲ್ಲಿ ಹೊರಗಿನವರ ಹತ್ರ ಮಾತಾಡಿದ್ಯಾ? ಹೌದೋ ಅಲ್ವೋ ಅಷ್ಟೇ ಹೇಳು" ಎಂದರು. ಹೌದು ಎಂದಳು. ಮುಖ ಸುಣ್ಣದ ಹಾಗಾಗಿತ್ತು. ವಿಚಾರಣೆ ಮುಗಿಯುವವರೆಗೆ ಕಚೇರಿಗೆ ಬರುವಂತಿಲ್ಲ. ಸಾಬೀತಾದರೆ ಕೆಲಸವೇ ಹೋಗುತ್ತದೆ.

ಮೇಜಿನ ಬೀಗದ ಕೈ ಕೊಡಲು ನನ್ನ ಹತ್ತಿರ ಬಂದಳು. "ಯಾರ ಹತ್ರ ಮಾತಾಡ್ತಿದ್ದೆ ಅಂತ ನೀವು ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ ಮೇಡಂ" ಎಂದಳು. ನಾನು ಬೀಗದ ಕೈ ಎಣಿಸಿ ತೆಗೆದುಕೊಂಡೆ. ಇಂಥ ಮಾತಿಗೆಲ್ಲ ಕರಗುವವಳಲ್ಲ ನಾನು.

ಶುಕ್ರವಾರದ ಪ್ರವಾಸ ಮುಂದಕ್ಕೆ ಹೋಯಿತು. ಇನ್ನು ಮೇಲೆ ಆದೇಶವನ್ನೂ ನಾನೇ ಟೈಪ್ ಮಾಡುತ್ತೇನೆ.

ಜುಲೈ 21, ಭಾನುವಾರ

ಮೈದುನ ಬರಲಿಲ್ಲ. ನಾನು ಬೇಡವೆಂದೂ ಹೇಳಿಸಿರಲಿಲ್ಲ. ಇವರು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ತಮ್ಮನಿಗೆ ಬರೆದಿದ್ದರು: "ಸದ್ಯ ಬರಬೇಡ. ನಿನ್ನತ್ತಿಗೆ ಮನಸ್ಸು ಸರಿ ಇಲ್ಲ. ನನ್ನನ್ನೂ ಕಳ್ಳನ ಹಾಗೆ ನೋಡ್ತಾಳೆ."

ಎಲ್ಲಿತ್ತೋ ಅಲ್ಲೇ ಇಟ್ಟೆ. ತಟ್ಟೆ ಹಾಕಿದೆ. ಇವರು ಬಂದು ಕೂತು ಊಟ ಮಾಡಿ ಎದ್ದರು. ಯಾವ ಗಾಡಿಯೂ ಯಾವ ಪ್ಲಾಟ್‌ಫಾರ್ಮಿಗೂ ಬರಲಿಲ್ಲ.

ಜುಲೈ 24, ಬುಧವಾರ

ಇವತ್ತು ಅಕ್ಷರ ಕೆಟ್ಟದಾಗಿದೆ. ಇರಲಿ.

ಕಚೇರಿಯಿಂದ ಹೊರಡುವಾಗ ಗೇಟಿನ ಹತ್ತಿರ ಮೈದುನ ನಿಂತಿದ್ದ. ಮನೆಗೆ ಬರಲು ಧೈರ್ಯವಾಗಲಿಲ್ಲವಂತೆ. ಎದುರಿನ ಚಹಾದಂಗಡಿಯಲ್ಲಿ ಕೂತೆವು.

"ಅತ್ತಿಗೆ, ನಿಮಗೆ ನನ್ನ ಮೇಲೆ ಅನುಮಾನ ಅಂತ ಗೊತ್ತು. ಒಂದು ವಿಷಯ ಹೇಳ್ತೀನಿ, ಆಮೇಲೆ ಬೇಕಾದ್ರೆ ಬೈರಿ. ಆ ಟ್ರಾನ್ಸ್‌ಫಾರ್ಮರ್ ಲಾರಿಗೆ ಹತ್ತಿಸೋನು ನಾನೇ. ಮೇಲಿನಿಂದ ಹೇಳ್ತಾರೆ, ಹತ್ತಿಸ್ತೀನಿ. ಅದರ ರೆಕ್ಕೆ ಬಗ್ಗಿಸಿದ್ದೂ ನಾನೇ, ಸುತ್ತಿಗೆ ತಗೊಂಡು. ಎಲ್ಲೇ ಇಟ್ರೂ ನಿಮ್ಮ ಕಣ್ಣಿಗೆ ಬೀಳ್ಲಿ ಅಂತ. ಬಾಯಿ ಬಿಟ್ಟು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಅದಕ್ಕೇ ಆವತ್ತು ಕೇಳಿದ್ದು, ಏನಾದ್ರೂ ಕಣ್ಣಿಗೆ ಬಿತ್ತಾ ಅಂತ."

ಅವನು ಅಂದು ತಟ್ಟೆ ನೋಡಿದ್ದು ನಾಚಿಕೆಯಿಂದ.

"ನಾವು ಬರೋದು ನಿಮ್ಮವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ಅಯ್ಯೋ, ಅದೇನು ಗುಟ್ಟಾ? ಊರಿಗೆ ದೊಡ್ಡವರು ಯಾರು ಬಂದ್ರೂ ಅತಿಥಿಗೃಹದ ಅಡುಗೆಯವರು ನಮ್ಮವರಿಗೆ ಫೋನ್ ಮಾಡ್ತಾರೆ, ಊಟದ ಹೊತ್ತಲ್ಲಿ ಕರೆಂಟ್ ತೆಗೀಬೇಡ್ರಪ್ಪಾ ಅಂತ. ಹೋದ ವರ್ಷ ನಿಮ್ಮ ಸಮಿತಿ ಮೊದ್ಲೇ ತಿಳಿಸಿ ಪ್ರವಾಸ ಬಂದಿತ್ತಲ್ಲ, ಆಗ ಎಲ್ಲಾ ಊರಲ್ಲೂ ಉಪ್ಪಿಲ್ಲದ ಊಟ ಒಂದು ಇತ್ತಂತೆ. ಬೇರೆ ಯಾರು ಬಂದ್ರೂ ಅದು ಕೇಳಲ್ಲ. ಈಗ ಅಡುಗೆಯವರು ಉಪ್ಪಿಲ್ಲ ಅಂದ್ರೆ ಸಾಕು, ನಮಗೆ ಸಮಿತಿ ಬಂತು ಅಂತ ಅರ್ಥ. ಉಗ್ರಾಣಕ್ಕೆ ಫೋನ್ ಬರುತ್ತೆ: ನಾಳೆ ಇಂಥ ಊರಲ್ಲಿ ಉಪ್ಪಿಲ್ಲ, ಲಾರಿ ತೆಗಿ. ಯಾರು ತಿನ್ನೋರು, ಯಾರು ಹೇಳೋರು, ನಮಗೆ ಗೊತ್ತಿಲ್ಲ, ಬೇಕಾಗೂ ಇಲ್ಲ."

ಚಹಾ ಹಾಗೇ ಆರಿಹೋಯಿತು. ನಾನು ಹೇಳುವವಳು. ನಾನೇ. ಹೆಸರು ಹೇಳದೆ, ಊರು ಹೇಳದೆ, ಅಷ್ಟು ಜಾಣತನದಿಂದ, ಪ್ರತಿ ಸಲವೂ ನಾನೇ ಡಂಗುರ ಸಾರಿದ್ದೇನೆ. ಗೀರಮ್ಮ ಯಾರ ಹತ್ತಿರ ಬೇಕಾದರೂ ಮಾತಾಡಿರಲಿ, ಇದಕ್ಕೂ ಅವಳಿಗೂ ಸಂಬಂಧವಿಲ್ಲ.

ಮೈದುನನಿಗೆ ಏನೂ ಹೇಳಲಿಲ್ಲ. "ಭಾನುವಾರ ಬಾ" ಎಂದೆ. ಅವನಿಗೆ ಅಷ್ಟೇ ಸಾಕಾಯಿತು, ಪಾಪ.

ಜುಲೈ 25, ಗುರುವಾರ

ಪರೀಕ್ಷೆ ಮಾಡಿ ನೋಡದೆ ಯಾವುದನ್ನೂ ನಂಬಬಾರದು. ಮೈದುನನ ಮಾತನ್ನೂ ಅಷ್ಟೇ.

ನಾಳೆ ನಾವು ಹೋಗುವುದು ಮರದ ಮಿಲ್ಲುಗಳ ಊರಿಗೆ. ಇವತ್ತು ಸಕ್ಕರೆ ಕಾರ್ಖಾನೆಯ ಊರಿನ ಅತಿಥಿಗೃಹಕ್ಕೆ ಫೋನ್ ಮಾಡಿದೆ. ಅದು ನೇರ ಉಲ್ಟಾ ದಿಕ್ಕು. "ಐದು ಊಟ, ಉಪ್ಪಿಲ್ಲದ ಊಟ ಒಂದು" ಎಂದೆ. "ಆಗ್ಲಿ ಮೇಡಂ, ಬಿಸಿ ಬಿಸಿ ಮಾಡಿಡ್ತೀನಿ" ಎಂದ ಅಡುಗೆಯವನು. ಒಳ್ಳೆಯವನಂತಿದ್ದ. ಪಾಪ ಅನ್ನಿಸಿತು. ಐದು ಊಟದ ಹಣ ನಾನೇ ಕಳಿಸುತ್ತೇನೆ.

ನಾಳೆ ಕಟ್ಟೆ ಖಾಲಿಯಿದ್ದರೆ ತಕ್ಷಣ ಅಧ್ಯಕ್ಷರಿಗೆ ಹೇಳಿ ಗೀರಮ್ಮನನ್ನು ವಾಪಸು ಕರೆಸುವುದು. ಅದರಲ್ಲಿ ಎರಡು ಮಾತಿಲ್ಲ.

ಜುಲೈ 26, ಶುಕ್ರವಾರ

ಕಟ್ಟೆ ಖಾಲಿ.

ಖಾಲಿಯೆಂದರೆ, ಅದರ ಮೇಲೆ ಒಂದು ಬೆಕ್ಕು ಮಲಗಿತ್ತು. ಇಂಜಿನಿಯರು ಬನಿಯನ್ನಿನಲ್ಲಿ ಕೂತು ದಿನಪತ್ರಿಕೆ ಓದುತ್ತಿದ್ದ. ನಮ್ಮನ್ನು ಕಂಡು ಪತ್ರಿಕೆಯನ್ನೇ ಮೈಮೇಲೆ ಹೊದ್ದುಕೊಂಡ. ಅಧ್ಯಕ್ಷರು ಬೆಕ್ಕಿನ ಕಡೆ ಬೆರಳು ತೋರಿಸಿ, "ಇದೇನ್ರೀ ನಿಮ್ಮ ಹೆಚ್ಚುವರಿ ಟ್ರಾನ್ಸ್‌ಫಾರ್ಮರು? ಎಷ್ಟು ಮನೆಗೆ ಕರೆಂಟ್ ಕೊಡುತ್ತೆ?" ಎಂದರು. ಕೊನೆಗೆ ಆ ಇಂಜಿನಿಯರು ಅಳುಮುಖ ಮಾಡಿಕೊಂಡು ಎಲ್ಲ ಒಪ್ಪಿಕೊಂಡ. ಇಲ್ಲಿಗೆ ಬಂದಾಗಿನಿಂದ ಅವನು ಹೆಚ್ಚುವರಿಯನ್ನು ನೋಡಿಯೇ ಇಲ್ಲವಂತೆ.

ವಾಪಸು ಬರುವಾಗ ದೊಡ್ಡ ರಸ್ತೆಯಲ್ಲಿ ಎದುರಿನಿಂದ ಒಂದು ಲಾರಿ ಧೂಳೆಬ್ಬಿಸಿಕೊಂಡು ಬಂತು. ಹಿಂದೆ ಹಗ್ಗ ಕಟ್ಟಿಸಿಕೊಂಡು ನಿಂತಿದ್ದವನು ನಮ್ಮ ಮದುಮಗ. ಸಕ್ಕರೆ ಊರಲ್ಲಿ ಕಾದು ಕಾದು, ಸುದ್ದಿ ತಿಳಿದು ಈ ಕಡೆ ಓಡಿ ಬರುತ್ತಿದ್ದ. ಅಧ್ಯಕ್ಷರು ಕಾರನ್ನು ಅಡ್ಡ ನಿಲ್ಲಿಸಿ ತಡೆದರು, ಫೋಟೋ ತೆಗೆಸಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ.

ಆಮೇಲೆ ಅವರು ಬಾಳೆಹಣ್ಣು ಸುಲಿಯುತ್ತಾ, "ನೋಡಿದ್ರಾ ಅಮ್ಮಾ? ಆ ಹುಡುಗಿ ಹೋದ್ಳು, ಸೋರೋದು ನಿಂತೋಯ್ತು. ವಾಸನೆ ಹಿಡಿಯೋಕೆ ನಿಮ್ಮ ಮೂಗೇ ಸರಿ" ಎಂದರು.

ಡ್ರೈವರ್ ಇದ್ದ. ಅವನೆದುರು ಹೇಗೆ ಹೇಳುವುದೆಂದು ಸುಮ್ಮನಿದ್ದೆ.

ಜುಲೈ 28, ಭಾನುವಾರ

ಮೈದುನ ಬಂದ. ಅಣ್ಣತಮ್ಮಂದಿರು ನಕ್ಕರು. ನಾನು ಅಡುಗೆಮನೆಯಲ್ಲೇ ಇದ್ದೆ. ನಿನ್ನೆ ಅಧ್ಯಕ್ಷರಿಗೆ ಹೇಳಬಹುದಿತ್ತು, ಆದರೆ ಪತ್ರಿಕೆಯವರು ಬಂದಿದ್ದರು. ಮೊನ್ನೆ ಹೇಳಬಹುದಿತ್ತು, ಅವರಿಗೆ ಆಯಾಸವಾಗಿತ್ತು. ನಾಳೆ ಖಂಡಿತ.

ಜುಲೈ 29, ಸೋಮವಾರ

ಹೇಳಲಿಲ್ಲ.

ಜುಲೈ 30, ಮಂಗಳವಾರ

ವರದಿಯ ಕರಡು ನನ್ನ ಮೇಜಿಗೆ ಬಂತು. ಕೊನೆಯ ಪುಟದಲ್ಲಿ ಅಧ್ಯಕ್ಷರೇ ಕೈಯಾರೆ ಸೇರಿಸಿದ್ದರು: ಸಮಿತಿಯ ಸಿಬ್ಬಂದಿಯೊಬ್ಬರು ಮಾಹಿತಿ ಸೋರಿಸುತ್ತಿದ್ದುದು ಪತ್ತೆಯಾಗಿದ್ದು, ಅವರನ್ನು ತೆಗೆದ ಬಳಿಕವೇ ಸತ್ಯ ಹೊರಬಂದಿದೆ. ಇದನ್ನು ತಿದ್ದಿ ಚೆಂದ ಮಾಡಬೇಕಾದವಳು ನಾನು. ನೇರವಾಗಿ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

"ಸರ್, ಸೋರಿದ್ದು ಗೀರಮ್ಮನಿಂದಲ್ಲ. ನನ್ನಿಂದ."

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಅಂದ್ರೆ ನನ್ನ ಊಟದಿಂದ ಅಂತ ಹೇಳ್ತಿದೀರಿ."

"ಹೌದು ಸರ್."

"ಇದು ಹೊರಗೆ ಬಂದ್ರೆ ಪೇಪರಲ್ಲಿ ಟ್ರಾನ್ಸ್‌ಫಾರ್ಮರ್ ಬರಲ್ಲ ಅಮ್ಮಾ, ನನ್ನ ಕಿಡ್ನಿ ಬರುತ್ತೆ. ನನ್ನ ಎಬ್ಬಿಸಿ ಇನ್ಯಾರನ್ನೋ ಕೂರಿಸ್ತಾರೆ, ಅವನು ಈ ವರದೀನ ಮಡಿಸಿ ಜೇಬಿಗಿಟ್ಕೋತಾನೆ. ಆ ಹೆರಿಗೆ ಮನೆಗೆ ಕರೆಂಟ್ ಬೇಕೋ ಬೇಡ್ವೋ?"

"ಬೇಕು ಸರ್. ಆದ್ರೆ ಗೀರಮ್ಮನ ಕೆಲಸ ಹೋಗುತ್ತೆ."

"ನೋಡೋಣ. ಪರಿಶೀಲಿಸ್ತೀನಿ. ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ತಗೊಳ್ಳೋಣ."

ಈ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ. ಗೀರಮ್ಮ ಇದ್ದಿದ್ದರೆ ಒಂದೇ ಗೀರಿನಲ್ಲಿ ಮುಗಿಸುತ್ತಿದ್ದಳು. ಅವರಿಗೆ ತಾವು ಏನಂದೆವೆಂದು ಗೊತ್ತಾಗಲೇ ಇಲ್ಲ. ಕೆಟ್ಟ ಮನುಷ್ಯರಲ್ಲ ಅವರು, ಅದೇ ನನಗೆ ಹೆಚ್ಚು ಹೆದರಿಕೆ.

ಆಗಸ್ಟ್ 4, ಭಾನುವಾರ

ಮಂಗಳವಾರ ಗೀರಮ್ಮನ ವಿಚಾರಣೆ. ಮುಖ್ಯ ಸಾಕ್ಷಿ ನಾನು.

ಊಟವಾದ ಮೇಲೆ ಇವರ ಹತ್ತಿರ ಬೀರುವಿನ ಬೀಗದ ಕೈ ಇಟ್ಟೆ. "ಏನಿದು?" ಎಂದರು. "ತಲೆನೋವು ಹೋಯ್ತು" ಎಂದೆ. ಆಮೇಲೆ ಕೂತು ಎಲ್ಲ ಹೇಳಿದೆ, ಇವರ ಫೋನ್ ನೋಡಿದ್ದನ್ನೂ ಸೇರಿಸಿ. ಇವರು ನಗಲಿಲ್ಲ, ಬೈಯಲೂ ಇಲ್ಲ. "ನಿಜ ಹೇಳಿದ್ರೆ ಅಧ್ಯಕ್ಷರು ಹೋಗ್ತಾರೆ, ಹೇಳದಿದ್ರೆ ಆ ಹುಡುಗಿ ಹೋಗ್ತಾಳೆ. ಎರಡು ಗಾಡಿಗೆ ಒಂದೇ ಹಳಿ" ಎಂದರು.

ಆಗಸ್ಟ್ 6, ಮಂಗಳವಾರ

ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ದಪ್ಪ ಕನ್ನಡಕದ ಒಬ್ಬ ಗಂಡಸು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದ. ಯಾರಿರಬಹುದೆಂದುಕೊಳ್ಳುತ್ತಾ ಒಳಗೆ ಹೋದೆ.

ಮೊದಲು ಗೀರಮ್ಮನನ್ನು ಕೇಳಿದರು. "ಫೋನಲ್ಲಿ ಇದ್ದದ್ದು ನಾನು ಮದುವೆ ಆಗ್ಬೇಕಂತಿರೋರು. ಕನ್ನಡಕದ ಅಂಗಡಿ ಇಟ್ಟಿದಾರೆ. ದಿನಾ ಮಧ್ಯಾಹ್ನ ನನಗೆ ಡಬ್ಬಿ ತಂದುಕೊಡ್ತಾರೆ. ಶುಕ್ರವಾರ ನಾನಿರಲ್ಲ, ತರ್ಬೇಡಿ ಅಂದೆ. ನಲವತ್ತಾದ ಮೇಲೆ ಮದುವೆ ಅಂದ್ರೆ ಆಫೀಸಲ್ಲಿ ನಗ್ತಾರೆ, ಅದಕ್ಕೆ ಯಾರಿಗೂ ಗೊತ್ತಾಗೋದು ಬೇಡ ಅಂದೆ" ಎಂದಳು. ವಿಚಾರಣೆ ನಡೆಸುವ ಅಧಿಕಾರಿ ಬರೆದುಕೊಂಡರು. ನಂಬಿದಂತೆ ಕಾಣಲಿಲ್ಲ. ಅನುಮಾನದಲ್ಲಿ ನನ್ನ ಜಾತಿಯವರೇ ಇರಬೇಕು.

ಆಮೇಲೆ ನನ್ನ ಕಡೆ ತಿರುಗಿ, "ಪ್ರವಾಸದ ಊರು ಗೊತ್ತಿದ್ದದ್ದು ಮೂವರಿಗೆ ಮಾತ್ರ, ಅಲ್ವಾ?" ಎಂದರು.

"ಅಲ್ಲ. ನಾಲ್ವರಿಗೆ. ನಾಲ್ಕನೆಯವನು ಅತಿಥಿಗೃಹದ ಅಡುಗೆಯವನು. ಅವನಿಗೆ ಹೇಳಿದ್ದು ನಾನು."

ಪೂರ್ತಿ ಹೇಳಿದೆ. ಉಪ್ಪಿಲ್ಲದ ಊಟ, ಮಂಡಳಿಯವರ ಫೋನು, ಸಕ್ಕರೆ ಊರಿಗೆ ಓಡಿದ ಲಾರಿ. ಮೈದುನನ ಹೆಸರೆತ್ತಲಿಲ್ಲ. ಬೇಕಿದ್ದರೆ ಆ ಅಡುಗೆಯವರನ್ನೇ ಕೇಳಿ ಎಂದೆ. ಗೀರಮ್ಮ ತಲೆ ತಗ್ಗಿಸಿ ಕೂತಿದ್ದಳು, ಆದರೆ ಅವಳ ಬೆರಳು ಮಂಡಿಯ ಮೇಲೆ ಆಡುತ್ತಿತ್ತು. ಅಭ್ಯಾಸಬಲ, ನನ್ನ ಮಾತನ್ನು ಗೀರುತ್ತಿದ್ದಳು.

"ಆ ಊಟ ಯಾರಿಗೆ?" ಎಂದರು ಅಧಿಕಾರಿ.

ಗೀರಮ್ಮನ ಬೆರಳು ನಿಂತಿತು. ಪ್ರವಾಸದಲ್ಲಿ ಅವಳೂ ಅದೇ ಮೇಜಿಗೆ ಕೂತು ಉಂಡವಳು. ಯಾರ ತಟ್ಟೆ ಯಾವುದೆಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ನನಗೆ" ಎಂದೆ. "ರಕ್ತದೊತ್ತಡ. ಡಾಕ್ಟರು ಉಪ್ಪು ಬಿಡಿ ಅಂದಿದಾರೆ."

ಅಧಿಕಾರಿ ನನ್ನನ್ನು ನೋಡಿದರು. ಗೀರಮ್ಮ ನೋಡಿದಳು. ಏನೂ ಹೇಳಲಿಲ್ಲ. ಬೆರಳು ಮಂಡಿಯ ಮೇಲೆ ಒಂದು ಗೀರು ಎಳೆಯಿತು, ಅಷ್ಟೇ.

ಆಗಸ್ಟ್ 20, ಮಂಗಳವಾರ

ಗೀರಮ್ಮ ವಾಪಸು. ನನಗೆ ಛೀಮಾರಿ ಪತ್ರ, ಜೊತೆಗೆ ವರ್ಗ. ಇನ್ನು ಮೇಲೆ ಶಾಸನಸಭೆಯ ಗ್ರಂಥಾಲಯ. ಅಲ್ಲಿ ಮುಟ್ಟದೆ ಬಿಟ್ಟ ಪುಸ್ತಕಗಳ ಜೊತೆ ಕೂರಬೇಕು. ಅಧ್ಯಕ್ಷರು ಕೊನೆಯ ದಿನ ಬಾಗಿಲ ತನಕ ಬಂದು, "ನಿಮಗೆ ರಕ್ತದೊತ್ತಡ ಅಂತ ನನಗೆ ಗೊತ್ತೇ ಇರ್ಲಿಲ್ಲ ಅಮ್ಮಾ" ಎಂದರು. ವರದಿಯಿಂದ ಆ ಸಾಲನ್ನು ತೆಗೆದಿದ್ದಾರೆ.

ವರದಿ ಸದನಕ್ಕೆ ಹೋಯಿತು. ನಿರ್ದೇಶಕರ ನಗು ಈಗ ಮುದುಡಿದೆಯಂತೆ. ಮದುಮಗನನ್ನು ಪ್ರೆಸ್ ಗಲ್ಲಿಯಲ್ಲಿ ಕೂರಿಸಿದ್ದಾರೆ. ಮೈದುನನೇ ಇಳಿಸಿ ಬಂದನಂತೆ. ರೆಕ್ಕೆ ನೆಟ್ಟಗೆ ಮಾಡಬೇಡವೆಂದು ಅವನಿಗೆ ಹೇಳಿದ್ದೇನೆ.

ಸೆಪ್ಟೆಂಬರ್ 3, ಮಂಗಳವಾರ

ಬಹಳ ದಿನವಾಯಿತು ಬರೆದು. ಡೈರಿ ಊಟದ ಮೇಜಿನ ಮೇಲೇ ಬಿದ್ದಿತ್ತು, 20ರ ಹಾಳೆಯಲ್ಲಿ ಚಹಾದ ಕಲೆ. ಇವರು ಲೋಟ ಇಟ್ಟಿರಬೇಕು.

ಗ್ರಂಥಾಲಯದಿಂದ ಕ್ಯಾಂಟೀನಿಗೆ ಹಿಂದಿನ ಮೆಟ್ಟಿಲು ಹತ್ತಿರ. ಇವತ್ತು ಇಳಿಯುತ್ತಿರುವಾಗ ಕೆಳಗೆ ಗೀರಮ್ಮ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. ವಾಪಸು ಹತ್ತಿ ಮುಂಬಾಗಿಲ ಕಡೆಯ ಮೆಟ್ಟಿಲಿನಿಂದ ಹೋದೆ. ಮಂಡಿ ನೋಯುತ್ತಿದೆ.

ಕ್ಯಾಂಟೀನಿನಲ್ಲಿ ನನ್ನ ಕಾಯಿಲೆ ಎಲ್ಲರಿಗೂ ಗೊತ್ತು. ವಿಚಾರಣೆಯ ಮಾತು ಗೋಡೆ ದಾಟದೆ ಇರುತ್ತದೆಯೇ? ನನ್ನನ್ನು ಕಂಡ ಕೂಡಲೇ ಬಡಿಸುವವನು ಒಳಗಿನವರಿಗೆ ಕೇಳಿಸುವ ಹಾಗೆ, "ಉಪ್ಪಿಲ್ಲದ ಊಟ ಒಂದು" ಎಂದು ಕೂಗುತ್ತಾನೆ. ಅದನ್ನೇ ತಿನ್ನುತ್ತಿದ್ದೇನೆ, ದಿನಾ, ಎಲ್ಲರೆದುರು. ತಿನ್ನದಿದ್ದರೆ ಹೇಳಿದ್ದು ಸುಳ್ಳಾಗುತ್ತದಲ್ಲ. ಅಧ್ಯಕ್ಷರು ಇಷ್ಟು ವರ್ಷ ಇದನ್ನು ಹೇಗೆ ನುಂಗಿದರೋ. ಬಾಯಿಗೆ ಹತ್ತಿ ತುರುಕಿದಂತಿರುತ್ತದೆ.

ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದೆ. ಎದುರು ಯಾರೋ ಕುರ್ಚಿ ಎಳೆದರು. ಗೀರಮ್ಮ. ವಾಪಸು ಬಂದ ಮೇಲೆ ಇದುವರೆಗೆ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ, ಆಡಲೆಂದು ನಾನು ನಿರೀಕ್ಷಿಸಿಯೂ ಇರಲಿಲ್ಲ. ಡಬ್ಬಿ ಬಿಚ್ಚಿದಳು. ಊಟ ಶುರು ಮಾಡಿದಳು. ಸುತ್ತ ಒಮ್ಮೆ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ಮಡಿಸಿಟ್ಟಿದ್ದ ಒಂದು ಸಣ್ಣ ಕಾಗದದ ಪೊಟ್ಟಣವನ್ನು ಬೆರಳಿನಿಂದ ನನ್ನ ತಟ್ಟೆಯ ಕಡೆ ಮೆಲ್ಲಗೆ ತಳ್ಳಿದಳು.

"ಯಾರೂ ನೋಡ್ತಿಲ್ಲ ಮೇಡಂ, ಹಾಕ್ಕೊಳ್ಳಿ" ಎಂದಳು.

ಹಾಕಿಕೊಂಡೆ.